ಪಾಸ್ ಇಟ್ಟುಕೊಂಡು ಓದಿದವರು ನಾವು

(ವುಡ್‌ಬ್ರಿಡ್ಜ್‌ನಲ್ಲಿ ನಡೆದ ಸಮಾವೇಶದ ಆಶಯ ಭಾಷಣ)



ಮೊದಲಿಗೆ ಒಂದು ಪ್ರಶ್ನೆ. ಊರಿನಲ್ಲಿ ವಿದ್ಯಾರ್ಥಿ ಬಸ್ ಪಾಸ್ ಇಟ್ಟುಕೊಂಡು ಓದಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ನನ್ನದನ್ನೂ ಸೇರಿಸಿಕೊಳ್ಳಿ. ತಿಪಟೂರಿನ ಹತ್ತಿರದ ಹಳ್ಳಿಯಿಂದ ಕಾಲೇಜಿಗೆ ನಾನು ಕೆಂಪು ಬಸ್ಸಿನಲ್ಲಿ ಓಡಾಡಿದ್ದು ಆ ರಿಯಾಯಿತಿ ಪಾಸಿನಿಂದಲೇ. ದಿನಾ ಪೂರ್ತಿ ಟಿಕೆಟ್ ತೆಗೆಸುವ ಶಕ್ತಿ ಅಪ್ಪನಿಗಿರಲಿಲ್ಲ. ಪಾಸ್ ಇಲ್ಲದಿದ್ದರೆ ನನ್ನ ಓದು ಹತ್ತನೇ ತರಗತಿಗೇ ನಿಲ್ಲುತ್ತಿತ್ತು. ಇವತ್ತು ಈ ಮೈಕಿನ ಮುಂದೆ ನಾನು ಇರುತ್ತಿರಲಿಲ್ಲ.

ಆ ಮಾತನ್ನು ನಾನು ಮರೆತೇಬಿಟ್ಟಿದ್ದೆ. ನೆನಪಿಸಿದ್ದು ನಮ್ಮ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಬೇಡ. ಇದೇ ವುಡ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ, ಫೋನಿನಲ್ಲಿ ಕನ್ನಡ ಕೇಳಿಸಿ ಪರಿಚಯವಾಯಿತು. ಮ್ಯಾನ್‌ಹಟನ್ನಿನ ಒಂದು ಸಣ್ಣ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ದಿನಾ ಬಿಡಿ ಟಿಕೆಟ್ ತೆಗೆದುಕೊಳ್ಳುತ್ತಿದ್ದಳು. ನಾನು ದೊಡ್ಡ ಬುದ್ಧಿವಂತೆಯ ಹಾಗೆ, "ತಿಂಗಳ ಪಾಸ್ ತಗೋಬಾರದೇನಮ್ಮ, ಎಷ್ಟೋ ಉಳಿಯುತ್ತಲ್ಲ" ಅಂದೆ. "ಗೊತ್ತು ಅಕ್ಕ. ಆದ್ರೆ ಒಂದನೇ ತಾರೀಖು ಬಾಡಿಗೆ ಕಟ್ಟಿದ ಮೇಲೆ ಒಂದೇ ಸಲಕ್ಕೆ ಅಷ್ಟು ದುಡ್ಡು ಎಲ್ಲಿರುತ್ತೆ?" ಅಂದಳು. ಪೆನ್ ಸ್ಟೇಷನ್ನಿನಲ್ಲಿ ಇಳಿದು ಹೋಟೆಲಿನವರೆಗೆ ಇಪ್ಪತ್ತೆಂಟು ಬ್ಲಾಕ್ ನಡೆಯುತ್ತಾಳಂತೆ. ಸಬ್‌ವೇ ಇದೆ, ಆದರೆ ಒಂದು ಸಲಕ್ಕೆ 3 ಡಾಲರ್.

ಆಮೇಲೆ ಅವಳು ನಕ್ಕು ಒಂದು ಮಾತು ಹೇಳಿದಳು: "ಅಮ್ಮ ಫೋನ್ ಮಾಡಿ, ಬಸ್ಸಲ್ಲಿ ಧರ್ಮಸ್ಥಳಕ್ಕೆ ಪುಕ್ಕಟೆ ಹೋಗ್ಬಂದೆ ಕಣೆ ಅಂತಾರೆ. ಡಾಲರ್ ದೇಶದಲ್ಲಿ ಕೂತು ನಾನು ರೈಲಿನ ಕಾಸು ಎಣಿಸ್ತೀನಿ ಅಂತ ಅವರಿಗೆ ಹೇಗೆ ಹೇಳ್ಲಿ ಅಕ್ಕ?"

ಅವತ್ತು ನನ್ನ ಜೇಬಿನಲ್ಲಿ ತಿಂಗಳ ಪಾಸ್ ಇತ್ತು. ಅದಕ್ಕೆ ನನಗೆ ರಿಯಾಯಿತಿಯೂ ಇತ್ತು! ನಮ್ಮಲ್ಲಿ ಬಹಳ ಜನ ಆಫೀಸಿನ 'ಕಮ್ಯೂಟರ್ ಬೆನಿಫಿಟ್' ಬಳಸುತ್ತೇವೆ. ಪಾಸಿನ ಹಣ ತೆರಿಗೆಗೆ ಮೊದಲೇ ಸಂಬಳದಿಂದ ಕಡಿತವಾಗುತ್ತದೆ. ಫೆಡರಲ್ ತೆರಿಗೆ 22 ಶೇಕಡದ ಹಂತದಲ್ಲಿರುವವರಿಗೆ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್‌ನ 7.65 ಸೇರಿಸಿದರೆ, 300 ಡಾಲರಿಗೆ ಸುಮಾರು 89 ಡಾಲರ್ ಉಳಿಯಿತು. 10 ಶೇಕಡದ ಹಂತದಲ್ಲಿರುವವರಿಗೆ ಉಳಿಯುವುದು ಸುಮಾರು 53. ಅಂದರೆ ಸಂಬಳ ಹೆಚ್ಚಿದ್ದಷ್ಟೂ ರಿಯಾಯಿತಿ ಹೆಚ್ಚು. ಈ ಸೌಲಭ್ಯ ಕೊಡಲೇಬೇಕೆಂದು ನ್ಯೂಯಾರ್ಕ್ ನಗರದಲ್ಲಿ 2016ರಿಂದ ಕಾನೂನಿದೆ, ನ್ಯೂಜೆರ್ಸಿಯಲ್ಲೂ 2019ರಲ್ಲಿ ಕಾನೂನಾಯಿತು. ಆದರೆ ಎರಡೂ ಕಡೆ ಅದು 20 ಅಥವಾ ಹೆಚ್ಚು ನೌಕರರಿರುವವರಿಗೆ ಮಾತ್ರ. ಎಂಟು ಜನರ ಅಡುಗೆಮನೆಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ಅವಳಂಥವರಿಗೆ ಏನೂ ಇಲ್ಲವೇ? ಹಡ್ಸನ್ ನದಿಯ ಆ ದಡದಲ್ಲಿ ಇದೆ. ನ್ಯೂಯಾರ್ಕ್ ನಗರ 2019ರ ಜನವರಿಯಲ್ಲಿ 'ಫೇರ್ ಫೇರ್ಸ್' ಶುರು ಮಾಡಿತು. ಕಡಿಮೆ ಆದಾಯದ, 18ರಿಂದ 64 ವಯಸ್ಸಿನ ನಗರವಾಸಿಗಳಿಗೆ ಸಬ್‌ವೇ, ಬಸ್ಸಿನಲ್ಲಿ ಅರ್ಧ ದರ. ಮೊದಲು ಆದಾಯದ ಮಿತಿ ಫೆಡರಲ್ ಬಡತನ ರೇಖೆಯಷ್ಟೇ ಇತ್ತು, 2024ರಿಂದ ಅದನ್ನು ಏರಿಸುತ್ತ ಬಂದಿದ್ದಾರೆ. ಹಣ ಕೊಡುವುದು ನಗರದ ಬಜೆಟ್. ಇನ್ನು 'ಓಮ್ನಿ'ಯಲ್ಲಿ ಏಳು ದಿನಕ್ಕೆ 35 ಡಾಲರ್ ತಲುಪಿದರೆ ಮುಂದಿನ ಓಡಾಟ ಉಚಿತ. ವಾರದ ದುಡ್ಡು ಮೊದಲೇ ಹೊಂದಿಸಬೇಕಿಲ್ಲ.

ಆದರೆ ಅವಳ ಮನೆ ನದಿಯ ಈ ದಡದಲ್ಲಿದೆ. ಆದ್ದರಿಂದ ಫೇರ್ ಫೇರ್ಸ್ ಅವಳಿಗಿಲ್ಲ. ನ್ಯೂಜೆರ್ಸಿ ಟ್ರಾನ್ಸಿಟ್‌ನಲ್ಲಿ 62 ದಾಟಿದ ಹಿರಿಯರಿಗೆ, ಅಂಗವಿಕಲರಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಆದಾಯ ನೋಡಿ ಕೊಡುವ ರಿಯಾಯಿತಿ ಇಲ್ಲ. 2024ರ ಜುಲೈಯಲ್ಲಿ ದರ 15 ಶೇಕಡ ಏರಿತು, 2025ರಿಂದ ವರ್ಷಕ್ಕೆ 3 ಶೇಕಡ ಏರಿಕೆ. 20 ಟಿಕೆಟಿನ ಕಟ್ಟಿಗೆ 20 ಶೇಕಡ ಬಿಡುತ್ತಿದ್ದ 'ಫ್ಲೆಕ್ಸ್‌ಪಾಸ್' ಕೂಡ ಆಗಲೇ ನಿಂತಿತು. ಪೂರ್ತಿ ತಿಂಗಳ ಪಾಸ್ ಕೊಳ್ಳಲಾಗದವರಿಗೆ ಇದ್ದ ಒಂದು ದಾರಿ ಅದು.

ಊರಿನ 'ಶಕ್ತಿ' ಯೋಜನೆ ನಿಮಗೆಲ್ಲ ಗೊತ್ತು. 2023ರ ಜೂನ್ 11ರಂದು ಶುರುವಾಯಿತು. ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿತು. ಇಲ್ಲಿ ಕೂತು ನಾವು ಅದರ ಬಗ್ಗೆ ವಾಟ್ಸ್‌ಆ್ಯಪ್ಪಿನಲ್ಲಿ ಜಗಳ ಆಡಿದ್ದೇವೆ. 'ಬಿಟ್ಟಿ ಭಾಗ್ಯ' ಅಂದವರೂ ಇದ್ದಾರೆ, ನಾನೂ ಒಮ್ಮೆ ಅಂದಿದ್ದೆ. ಅದರಲ್ಲಿ ತೊಡಕುಗಳಿವೆ, ನಿಜ. ಬಸ್ಸುಗಳು ಕಿಕ್ಕಿರಿದವು. ಆಟೋ, ಖಾಸಗಿ ಬಸ್ಸಿನವರು 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ಮಾಡಿದರು. 2025ರ ಜನವರಿಯಲ್ಲಿ ಬಸ್ ದರ 15 ಶೇಕಡ ಏರಿದಾಗ ಆ ಭಾರ ಕೂಲಿಗೆ ಹೋಗುವ ಬಡ ಗಂಡಸಿನ ಮೇಲೂ ಬಿತ್ತು.

ಆದರೆ ಅದರಲ್ಲಿ ಒಂದು ಗುಣ ಇದೆ. ಅದು ಯಾರನ್ನೂ "ನೀನು ಬಡವಳೇ?" ಅಂತ ಕೇಳುವುದಿಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು. ಆದಾಯ ನೋಡಿ ಕೊಡುವ ಯೋಜನೆ ಬಡ ಗಂಡಸನ್ನೂ ತಲುಪುತ್ತದೆ, ಆದರೆ ಅರ್ಜಿ ತುಂಬಲು ಬಾರದವರನ್ನು, ನಾಚಿಕೆ ಪಡುವವರನ್ನು ಹೊರಗೇ ಬಿಡುತ್ತದೆ. ಫೇರ್ ಫೇರ್ಸ್‌ಗೆ ಅರ್ಹರಾಗಿದ್ದೂ ಸೇರದವರು ಬಹಳ ಮಂದಿ. ಬಾಸ್ಟನ್ ಇದಕ್ಕೊಂದು ದಾರಿ ಹುಡುಕಿತು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಅಲ್ಲಿಯ ಅರ್ಧ ದರದ ಯೋಜನೆಯಲ್ಲಿ, ಸ್ನ್ಯಾಪ್‌ನಂಥ ಸೌಲಭ್ಯ ಈಗಾಗಲೇ ಪಡೆಯುತ್ತಿರುವವರು ಅದನ್ನೇ ಪುರಾವೆಯಾಗಿ ಕೊಡಬಹುದು. ಆದಾಯದ ಮಿತಿ ಬಡತನ ರೇಖೆಯ ಎರಡರಷ್ಟು. ಊರಾಚೆಯ ಕಮ್ಯೂಟರ್ ರೈಲಿಗೂ ಅದು ಅನ್ವಯ. ನಮಗೆ ಬೇಕಾಗಿರುವುದು ಅಂಥದ್ದು.

"ದುಡ್ಡು ಎಲ್ಲಿಂದ?" ಅಂತ ಕೇಳುತ್ತೀರಿ. ಕೇಳಬೇಕು. ಟ್ರಾನ್ಸಿಟ್‌ಗೆಂದೇ ನ್ಯೂಜೆರ್ಸಿ 2024ರಲ್ಲಿ 1 ಕೋಟಿ ಡಾಲರಿಗೆ ಮೀರಿ ಆದಾಯವಿರುವ ಕಂಪನಿಗಳ ಮೇಲೆ 2.5 ಶೇಕಡ ಹೆಚ್ಚುವರಿ ಶುಲ್ಕ ಹಾಕಿತು. ಅದರಲ್ಲಿ ಒಂದು ಪಾಲು ಇದಕ್ಕಿರಲಿ ಅಂತ ಕೇಳುವುದು ಅತಿಯಾಸೆ ಅಲ್ಲ.

ನಮ್ಮ ಸಂಘಕ್ಕೆ ನನ್ನ ಬೇಡಿಕೆ ಎರಡೇ. ಒಂದು, ಕ್ವೀನ್ಸ್, ಬ್ರಾಂಕ್ಸ್ ಕಡೆ ಇರುವ ನಮ್ಮವರಿಗೆ ಫೇರ್ ಫೇರ್ಸ್ ಅರ್ಜಿ ತುಂಬಿಸಲು ಯುಗಾದಿಗೂ ರಾಜ್ಯೋತ್ಸವಕ್ಕೂ ಒಂದು ಮೇಜು ಹಾಕೋಣ. ಹೋಳಿಗೆ ಊಟದ ಪಕ್ಕದಲ್ಲೇ ಇರಲಿ, ಯಾರಿಗೂ ಮುಜುಗರ ಆಗಬಾರದು. ಎರಡು, ನ್ಯೂಜೆರ್ಸಿ ಟ್ರಾನ್ಸಿಟ್ ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಇದೆ. ಪ್ರತಿ ಸಭೆಗೂ ನಮ್ಮಿಂದ ಒಬ್ಬರು ಹೋಗಿ ಆದಾಯ ಆಧಾರಿತ ದರ ಕೇಳೋಣ. ಅವಳು ಹೋಗಲಾರಳು, ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಾಳೆ. ಮೊದಲ ಸಭೆಗೆ ನಾನು ಹೋಗುತ್ತೇನೆ.

ಊರಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗ ನಾವು ಏನನ್ನುತ್ತಿದ್ದೆವು? "ಪಾಸ್." ಅಷ್ಟೇ. ತಲೆ ತಗ್ಗಿಸಿ ಹೇಳುತ್ತಿರಲಿಲ್ಲ. ಅದು ಭಿಕ್ಷೆ ಅಂತ ನಮಗೆ ಯಾವತ್ತೂ ಅನ್ನಿಸಲಿಲ್ಲ. ಆ ಹುಡುಗಿಯೂ ವುಡ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ ಹಾಗೆಯೇ ಹೇಳುವಂತಾಗಲಿ. ಆಮೇಲೆ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಲು ಅವಳಿಗೂ ಸಂಕೋಚ ಇರುವುದಿಲ್ಲ.