ಒನಕೆ, ಬರೆ, ಸಿಂಬಿ: ಜಾರುವ ಕೀಲಿನ ಕಥೆ



ಕೆಲವು ವರ್ಷಗಳ ಹಿಂದೆ ಸಿರುಗುಪ್ಪ ಕಡೆಯ ಹುಡುಗನೊಬ್ಬ ನನ್ನಲ್ಲಿಗೆ ಬಂದಿದ್ದ. ವಯಸ್ಸು 19. ಹಗಲು ಅಕ್ಕಿ ಗಿರಣಿಯಲ್ಲಿ ಹಮಾಲಿ, ಸಂಜೆ ಕಬಡ್ಡಿ. "ರಟ್ಟೆ ಜಾರ್ತೈತ್ರಿ ಸಾರ್" ಅಂದ. ಎಷ್ಟು ಸಲ ಜಾರಿದೆ ಎಂದು ಕೇಳಿದೆ. ಬೆರಳು ಮಡಿಸುತ್ತಾ ಹೋಗಿ 11ಕ್ಕೆ ನಿಲ್ಲಿಸಿದ. ಮೊದಲ ಸಲ ರೇಡಿಗೆ ಹೋದಾಗ, ಆಮೇಲೊಮ್ಮೆ ಚೀಲ ಎತ್ತುವಾಗ, ಕೊನೆಯ ಸಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ! ಕೈಯಲ್ಲಿ 3 ಎಕ್ಸ್‌ರೇ ಹಿಡಿದಿದ್ದ. ಮೂರರಲ್ಲೂ ಎಲುಬು ತನ್ನ ಜಾಗದಲ್ಲೇ ಇತ್ತು. ಹೋದ ಕಡೆಯಲ್ಲೆಲ್ಲ "ಏನೂ ಆಗಿಲ್ಲ, ಹೋಗು" ಎಂದು ಕಳಿಸಿದ್ದರಂತೆ.

ಮಂಚದ ಮೇಲೆ ಮಲಗಿಸಿ ಅವನ ತೋಳನ್ನು ಪಕ್ಕಕ್ಕೆ ಎತ್ತಿದೆ. ಮೊಣಕೈ ಮಡಿಸಿ, ಅಂಗೈಯನ್ನು ಮೆಲ್ಲಗೆ ತಲೆಯ ಕಡೆಗೆ ತಿರುಗಿಸತೊಡಗಿದೆ. ಈ ಪರೀಕ್ಷೆಯಲ್ಲಿ ವೈದ್ಯ ಭುಜ ನೋಡುವುದಿಲ್ಲ, ಮುಖ ನೋಡುತ್ತಾನೆ. ಅರ್ಧ ದಾರಿಗೆ ಹುಡುಗನ ಹುಬ್ಬು ಗಂಟಿಕ್ಕಿತು, ಇನ್ನೊಂದು ಕೈ ತಾನಾಗಿ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. "ಬ್ಯಾಡ್ರಿ ಸಾರ್, ಹೋಗ್ತೈತಿ." ನೋವಿನಿಂದ ಅಂದ ಮಾತಲ್ಲ ಅದು. ಭಯದಿಂದ ಅಂದದ್ದು. ಆ ಭಯವೇ ರೋಗದ ಗುರುತು.

ಕೀಲು ತಪ್ಪುವುದು ಒಂದು ಅಪಘಾತ. ಕೀಲು ಸಡಿಲವಾಗಿ, ಯಾವ ಗಳಿಗೆಯಲ್ಲಿ ಕೈ ಕೊಡುತ್ತದೋ ಎಂದು ಮನುಷ್ಯ ಅಂಜಿ ಬದುಕುವುದು ಬೇರೆಯದೇ ರೋಗ. ಮೊದಲನೆಯದಕ್ಕೆ ಮದ್ದು ಗೊತ್ತಾಗಿ 2 ಸಾವಿರ ವರ್ಷ ದಾಟಿದೆ. ಎರಡನೆಯದರ ಗುಟ್ಟು ಬಿಡಿಸಲು 20ನೇ ಶತಮಾನ ಬರಬೇಕಾಯಿತು.

ಸುಶ್ರುತ ಸಂಹಿತೆಯಲ್ಲಿ ಕೀಲು ತಪ್ಪುವುದಕ್ಕೆ 'ಸಂಧಿಮುಕ್ತ' ಎಂಬ ಹೆಸರಿದೆ, ಅದರಲ್ಲಿ 6 ಬಗೆ. ಚಾಚಲಾಗದು, ಮಡಿಸಲಾಗದು, ಮುಟ್ಟಿದರೆ ತಡೆಯಲಾಗದು ಎಂದು ಲಕ್ಷಣ ಹೇಳುತ್ತಾರೆ. ಭುಜ ತಪ್ಪಿದರೆ ಕಂಕುಳಿಗೆ ಒನಕೆ ಕೊಟ್ಟು ಎತ್ತಬೇಕು, ಕೀಲು ಕೂತ ಮೇಲೆ ಸ್ವಸ್ತಿಕದ ಕಟ್ಟು ಹಾಕಬೇಕು ಎನ್ನುತ್ತಾರೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೆ, ಬೇಸಿಗೆಯಲ್ಲಿ 3 ದಿನಕ್ಕೆ ಬಿಚ್ಚಿ ಕಟ್ಟಬೇಕಂತೆ. ನಮ್ಮ ಬಳ್ಳಾರಿಯ ಬಿಸಿಲು ಬಲ್ಲವರಿಗೆ ಆ ಮಾತಿನ ವಿವೇಕ ಥಟ್ಟನೆ ಹೊಳೆಯುತ್ತದೆ. ಅತ್ತ ಗ್ರೀಸ್ ದೇಶದಲ್ಲಿ ಹಿಪೊಕ್ರೇಟಿಸ್‌ನ ಹೆಸರಿನ ಗ್ರಂಥದಲ್ಲೂ, ಮೆತ್ತನೆಯ ಬಟ್ಟೆ ಸುತ್ತಿದ ಒನಕೆಯನ್ನು ಕಂಕುಳಿಗೆ ಕೊಡುವ ಉಪಾಯ ಇದೆ. ಕಾಳು ಕುಟ್ಟುವ ಮನೆಯಲ್ಲಿ ಕೈಗೆ ಸಿಗುವ ಗಟ್ಟಿ ಮರ ಎರಡೂ ಕಡೆ ಒಂದೇ ಆಗಿತ್ತು.

ಆದರೆ ಮತ್ತೆ ಮತ್ತೆ ಜಾರುವ ಭುಜಕ್ಕೆ ಏನು ಮಾಡಬೇಕು? ಅದಕ್ಕೆ ಆ ಗ್ರೀಕ್ ಗ್ರಂಥ ಸೂಚಿಸಿದ್ದು ಕಾಸಿದ ಕಬ್ಬಿಣ. ಕಂಕುಳಿನ ಚರ್ಮಕ್ಕೆ ಬರೆ ಹಾಕಿದರೆ ಗಾಯ ಮಾಯುವಾಗ ಚರ್ಮ ಬಿಗಿಯುತ್ತದೆ, ಎಲುಬು ಇಳಿಯುವ ದಾರಿ ಮುಚ್ಚುತ್ತದೆ ಎಂಬ ಲೆಕ್ಕ. ತಪ್ಪು ಜಾಗದಲ್ಲಿ ಸುಡುವ ವೈದ್ಯರನ್ನು ಅಲ್ಲಿ ಬೈದೂ ಇದ್ದಾರೆ. ನಮ್ಮ ಹಳ್ಳಿಗಳಲ್ಲೂ ಎತ್ತಿಗೆ, ಒಮ್ಮೊಮ್ಮೆ ಮಕ್ಕಳಿಗೂ, ಬರೆ ಹಾಕುತ್ತಿದ್ದರಲ್ಲ, ಆ ನಂಬಿಕೆಯ ದೂರದ ಬಂಧು ಇದು. ಇನ್ನೊಂದು ಸೋಜಿಗ ಕೇಳಿ. 1990ರ ದಶಕದಲ್ಲಿ ಇದೇ ಯೋಚನೆ ಹೊಸ ವೇಷದಲ್ಲಿ ಬಂತು. ಸಣ್ಣ ತೂತಿನಿಂದ ಭುಜದೊಳಗೆ ಸಲಾಕೆ ತೂರಿಸಿ, ವಿದ್ಯುತ್ತಿನ ಬಿಸಿಯಿಂದ ಕೀಲಿನ ಚೀಲವನ್ನು ಕುಗ್ಗಿಸತೊಡಗಿದರು. ಕುಗ್ಗಿದ ಚೀಲ ಮತ್ತೆ ಹಿಗ್ಗಿತು, ಕೆಲವರಿಗೆ ಕೀಲಿನ ಮೃದ್ವಸ್ಥಿಯೇ ಸುಟ್ಟಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು.

ನಮ್ಮ ಸೀಮೆಗೆ ಬರೋಣ. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಎಲುಬು ಮುರಿದರೆ, ಕೀಲು ಸರಿದರೆ ಜನರ ಬಾಯಲ್ಲಿ ಮೊದಲು ಬರುವುದು 'ಪುತ್ತೂರು ಕಟ್ಟು'. ತಿರುಪತಿ ಹತ್ತಿರದ ಆ ಪುತ್ತೂರಿನ ಹೆಸರು ಗಡಿ ದಾಟಿ ನಮ್ಮ ಊರೂರಿನ ಬೋರ್ಡಿನ ಮೇಲೆ ಕೂತಿದೆ. ಗರಡಿಮನೆಯ ಉಸ್ತಾದರೂ ಕೀಲು ಕೂಡಿಸುತ್ತಿದ್ದರು. ನಾನು ಹುಡುಗನಾಗಿದ್ದಾಗ ಕುರುಗೋಡಿನ ಜಾತ್ರೆಯ ಕುಸ್ತಿಯಲ್ಲಿ ಒಬ್ಬ ಪೈಲವಾನನ ಭುಜ ಇಳಿದದ್ದು ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಮುದುಕ ಬಂದು ಅವನ ಪಕ್ಕ ಕೂತ, ಮಾತಾಡಿಸುತ್ತಲೇ ಕೈಯನ್ನು ನಿಧಾನ ಎಳೆಯುತ್ತಾ ಇದ್ದ. ಟಕ್ ಎಂದಿತು, ಮುಗಿಯಿತು. ಎಳೆಯುವ ಕೈಗೆ ಅವಸರ ಇರಬಾರದು ಎಂಬ ಪಾಠವನ್ನು ನಾನು ಕಾಲೇಜಿಗಿಂತ ಮೊದಲು ಕಲಿತದ್ದು ಅಲ್ಲಿ.

ಆ ಮುದುಕನ ಮೇಲಿನ ಗೌರವ ಇಟ್ಟುಕೊಂಡೇ ಎರಡು ಮಾತು ಹೇಳಬೇಕು. ಭುಜ ಜಾರುವಾಗ ಅದರ ಪಕ್ಕದ ನರ ಜಗ್ಗಿರಬಹುದು. ತೋಳಿನ ಹೊರಮೈ ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಎಳೆಯುವ ಮೊದಲೇ ನೋಡಬೇಕು. ಎಲುಬು ಮುರಿದೂ ಇದ್ದರೆ ಎಳೆತದಿಂದ ಕೇಡು ಹೆಚ್ಚುತ್ತದೆ. ಇನ್ನು ಬಿದಿರ ದಬ್ಬೆ ಇಟ್ಟು ಬಿಗಿದ ಕಟ್ಟಿನೊಳಗೆ ರಕ್ತ ಓಡಾಡದೆ ಬೆರಳು ತಣ್ಣಗಾಗಿ, ಕಪ್ಪಾಗಿ, ಕೊನೆಗೆ ಕೈಯೇ ಹೋದ ಮಕ್ಕಳನ್ನು ನಾನು ನೋಡಿದ್ದೇನೆ. ಕಟ್ಟಿದ ಮೇಲೆ ನೋವು ಏರುತ್ತಾ ಹೋದರೆ, ಬೆರಳು ಜೋಮು ಹಿಡಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಬಿಚ್ಚಿಸಿ, ಆಸ್ಪತ್ರೆಗೆ ಓಡಿ.

ಈಗ ಒಳಗಿನ ಗುಟ್ಟು. ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡಿನಂತೆ ಆಳದಲ್ಲಿದೆ. ಭುಜದ್ದು ಹಾಗಲ್ಲ, ತಟ್ಟೆಯ ಮೇಲೆ ನಿಲ್ಲಿಸಿದ ಚೆಂಡು. ತಟ್ಟೆಯ ಅಂಚಿಗೆ ಒಂದು ಸಿಂಬಿ ಇದೆ, ಕೊಡದ ಕೆಳಗೆ ನಮ್ಮ ಹೆಣ್ಣುಮಕ್ಕಳು ಇಡುತ್ತಾರಲ್ಲ, ಅಂಥದೇ. ಭುಜ ಮುಂದಕ್ಕೆ ಜಾರಿದಾಗ ಈ ಸಿಂಬಿ ಅಂಚಿನಿಂದ ಕಿತ್ತು ಬರುತ್ತದೆ. ಕೊಡವನ್ನು ಮತ್ತೆ ತಲೆ ಮೇಲಿಟ್ಟರೂ ಸಿಂಬಿ ಇಲ್ಲದ ಮೇಲೆ ನಿಂತೀತೇ? ಜರ್ಮನಿಯ ಪೆರ್ಥೆಸ್ 1906ರಲ್ಲಿ ಇದನ್ನು ಹೇಳಿದರು, ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ಒತ್ತಿ ಹೇಳಿದರು. ಕಿತ್ತ ಸಿಂಬಿಯನ್ನು ಎಲುಬಿನ ಅಂಚಿಗೆ ಹೊಲಿಯಿರಿ, ಉಳಿದದ್ದೆಲ್ಲ ಆಮೇಲೆ ಎಂಬುದು ಬ್ಯಾಂಕಾರ್ಟರ ಹಟ. ಆ ಹೊಲಿಗೆಗೆ ಇಂದಿಗೂ ಅವರದೇ ಹೆಸರು.

ಅದೇ ಕಾಲದಲ್ಲಿ ಮುಂದಿನ ಸ್ನಾಯುವನ್ನೇ ಗಿಡ್ಡ ಮಾಡಿ ಬಿಗಿಯುವ ಶಸ್ತ್ರಚಿಕಿತ್ಸೆಯೂ ಬಳಕೆಗೆ ಬಂತು. ಭುಜ ಜಾರುವುದು ನಿಂತಿತು, ಜೊತೆಗೆ ಕೈ ಹೊರಕ್ಕೆ ತಿರುಗುವುದೂ ಕಡಿಮೆಯಾಯಿತು. ಕೂಲಿಯವನಿಗೆ ಅದು ದುಬಾರಿ ಬೆಲೆ. 1940ರಲ್ಲಿ ಅಮೆರಿಕದ ಎಕ್ಸ್‌ರೇ ತಜ್ಞರಾದ ಹಿಲ್ ಮತ್ತು ಸ್ಯಾಕ್ಸ್ ಮತ್ತೊಂದು ಗುರುತು ವಿವರಿಸಿದರು. ಜಾರಿದ ಚೆಂಡು ತಟ್ಟೆಯ ಅಂಚಿಗೆ ಬಡಿದು ಅದರ ಹಿಂಬದಿಯಲ್ಲಿ ತಗ್ಗು ಬೀಳುತ್ತದೆ, ಕೈಯನ್ನು ಒಳಕ್ಕೆ ತಿರುಗಿಸಿ ಎಕ್ಸ್‌ರೇ ತೆಗೆದರೆ ಅದು ಕಾಣುತ್ತದೆ. ಸಿರುಗುಪ್ಪದ ಹುಡುಗನಿಗೆ ಹಾಗೇ ತೆಗೆಸಿದೆ. ಮೂರು ಎಕ್ಸ್‌ರೇಗಳಲ್ಲಿ ಕಾಣದ ತಗ್ಗು ನಾಲ್ಕನೆಯದರಲ್ಲಿ ಹೆಬ್ಬೆರಳು ಒತ್ತಿದಂತೆ ಎದ್ದು ಕಂಡಿತು.

ಎಷ್ಟೋ ಸಲ ಜಾರಿದ ಭುಜದಲ್ಲಿ ತಟ್ಟೆಯ ಮುಂದಿನ ಅಂಚೇ ಸವೆದಿರುತ್ತದೆ. ಬದು ಕುಸಿದ ಗದ್ದೆಯಲ್ಲಿ ನೀರು ನಿಲ್ಲದ ಹಾಗೆ. ಆಗ ಬರೀ ಹೊಲಿಗೆ ಸಾಲದು. ಫ್ರಾನ್ಸಿನ ಲಿಯೋನ್ ನಗರದ ಲಾತಾರ್ಜೆ 1954ರಲ್ಲಿ ಕಂಡುಕೊಂಡ ದಾರಿ ಇದು: ಭುಜದ ಮುಂದೆ ಕಾಗೆಯ ಕೊಕ್ಕಿನಂತೆ ಚಾಚಿದ ಎಲುಬಿನ ತುಂಡನ್ನು ಕತ್ತರಿಸಿ, ಸ್ನಾಯುವಿನ ಸಮೇತ ತಂದು, ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವುದು. ಬದು ಮತ್ತೆ ಕಟ್ಟಿದಂತೆ.

ಮೊಣಕಾಲಿನ ಕಥೆಯೂ ಹೀಗೇ ತಡವಾಗಿ ಬಿಚ್ಚಿಕೊಂಡದ್ದು. ಅದರೊಳಗೆ ಎಲುಬುಗಳನ್ನು ಬಿಗಿದಿಡುವ ಎರಡು ಮಿಣಿಗಳು ಒಂದಕ್ಕೊಂದು ಅಡ್ಡಹಾಯ್ದಿವೆ. ಮುಂದಿನದು ಹರಿದರೆ ನೇರ ನಡೆಯಬಹುದು, ಗದ್ದೆಯ ಬದುವಿನ ಮೇಲೆ ತಿರುಗಿದಾಗ ಕಾಲು ಕೈ ಕೊಡುತ್ತದೆ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಒಬ್ಬ ಗಣಿ ಕಾರ್ಮಿಕನ ಹರಿದ ಮಿಣಿಗಳನ್ನು ಹೊಲಿದರು. ಹೊಲಿಯುವ ಬದಲು ಹೊಸ ಮಿಣಿ ಹಾಕಬೇಕೆಂದು 1917ರಲ್ಲಿ ಹೇ ಗ್ರೋವ್ಸ್ ತೊಡೆಯ ಪಟ್ಟಿಯನ್ನೇ ಬಳಸಿದರು. ಪತ್ತೆಗೆ ಒಳ್ಳೆಯ ಉಪಾಯ ಮಾತ್ರ ಬರೀ ಕೈಯದು. ಮೊಣಕಾಲನ್ನು ತುಸುವೇ ಮಡಿಸಿ, ಒಂದು ಕೈಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕಾಲನ್ನು ಮುಂದಕ್ಕೆ ಎಳೆಯುವುದು. ಮಿಣಿ ಇದ್ದರೆ ಗಕ್ಕನೆ ನಿಲ್ಲುತ್ತದೆ, ಹರಿದಿದ್ದರೆ ಮೆತ್ತಗೆ ಜಾರುತ್ತಲೇ ಹೋಗುತ್ತದೆ. ಪ್ಯಾರಿಸ್‌ನಲ್ಲಿ ನೂಲಿಸ್ ಇದನ್ನು 1875ರಲ್ಲೇ ಬರೆದಿದ್ದರು. ಲೋಕ ಮರೆತಿತ್ತು. 1976ರಲ್ಲಿ ಫಿಲಡೆಲ್ಫಿಯಾದ ಲ್ಯಾಕ್‌ಮನ್ ಹೆಸರಿನಲ್ಲಿ ಅದು ಮತ್ತೆ ಬೆಳಕಿಗೆ ಬಂತು.

ಕೀಲಿನೊಳಗೆ ದುರ್ಬೀನು ಇಳಿಸುವ ವಿದ್ಯೆ ಜಪಾನಿನದು. ಟೋಕಿಯೊದ ತಕಾಗಿ 1918ರಲ್ಲಿ ಶವದ ಮೊಣಕಾಲಿನೊಳಗೆ ಇಣುಕಿದರು, ಅವರ ಶಿಷ್ಯ ವತನಬೆ 1962ರಲ್ಲಿ ಅದೇ ದಾರಿಯಿಂದ ಶಸ್ತ್ರಚಿಕಿತ್ಸೆ ಮಾಡಿದರು. ಆ ಹೊತ್ತಿಗೆ, 1961ರಲ್ಲಿ, ನಮ್ಮ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತ್ತು. ಮದ್ರಾಸ್ ರಾಜ್ಯದಿಂದ ಬಿಡಿಸಿಕೊಂಡು ಬಳ್ಳಾರಿ ಮೈಸೂರು ರಾಜ್ಯ ಸೇರಿ ಇನ್ನೂ 8 ವರ್ಷವಾಗಿತ್ತಷ್ಟೇ. ಜನರ ಬಾಯಲ್ಲಿ ಮುಂದೆ 'ವಿಮ್ಸ್' ಆದದ್ದು ಆ ಕಾಲೇಜೇ.

ತಾಯಂದಿರಿಗೂ ಒಂದು ಮಾತು. ಹುಟ್ಟುವಾಗಲೇ ಸೊಂಟದ ಕೀಲು ಸಡಿಲವಿರುವ ಕೂಸುಗಳಿವೆ. ಇಟಲಿಯ ಒರ್ತೊಲಾನಿ 1937ರಲ್ಲಿ ಕೂಸಿನ ತೊಡೆ ಅಗಲಿಸಿ, ಕೀಲು ಒಳಗೆ ಸರಿಯುವುದನ್ನು ಬೆರಳಿನಿಂದಲೇ ಅರಿಯುವ ಕ್ರಮ ಹೇಳಿಕೊಟ್ಟರು. ಅಂಥ ಕೂಸಿಗೆ ಹಾಕುವ ಪಟ್ಟಿ ಕಾಲುಗಳನ್ನು ಅಗಲಿಸಿ, ಮಡಿಸಿ ಇಡುತ್ತದೆ. ನೀವು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ಭಂಗಿಯೂ ಹಾಗೇ ಇದೆ. ಅದನ್ನು ಬಿಡಬೇಡಿ. ಕಾಲು ನೆಟ್ಟಗಾಗಲಿ ಎಂದು ಬಟ್ಟೆಯಲ್ಲಿ ಬಿಗಿದು ಸುತ್ತುವುದನ್ನು ಮಾತ್ರ ಬಿಡಿ.

ಸಿರುಗುಪ್ಪದ ಹುಡುಗನಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊದಲ ಸಲ ಜಾರಿದಾಗಲೇ ಮೂರು ವಾರ ಜೋಳಿಗೆ ಪಟ್ಟಿ, ಆಮೇಲೆ ಕ್ರಮವಾದ ವ್ಯಾಯಾಮ ಸಿಕ್ಕಿದ್ದರೆ ಇಷ್ಟು ದೂರ ಬರುತ್ತಿತ್ತೋ ಇಲ್ಲವೋ. 20ರೊಳಗಿನವರಲ್ಲಿ ಭುಜ ಮತ್ತೆ ಜಾರುವುದೇ ಹೆಚ್ಚು, ಆದರೂ ಆ ಅವಕಾಶ ಅವನಿಗೆ ಸಿಗಬೇಕಿತ್ತು. 6 ತಿಂಗಳ ಮೇಲೆ ಅವನು ತೋರಿಸಲು ಬಂದ. ಅದೇ ಮಂಚದ ಮೇಲೆ ಮಲಗಿಸಿ ತೋಳು ಎತ್ತಿದೆ, ಅಂಗೈಯನ್ನು ತಲೆಯ ಕಡೆಗೆ ತಿರುಗಿಸುತ್ತಾ ಹೋದೆ, ಕಣ್ಣು ಅವನ ಮುಖದ ಮೇಲೇ ಇತ್ತು. ಅವನು ಕಿಟಕಿಯ ಕಡೆ ನೋಡುತ್ತಿದ್ದ. "ಸಾರ್, ಸಿರುಗುಪ್ಪ ಬಸ್ಸು ಎಷ್ಟೊತ್ತಿಗೈತ್ರಿ?" ಅಂದ.