ಕಿಮ್ ವೂ-ಬಿನ್ ಮತ್ತು ಆ ಐದು ವರ್ಷದ ಗ್ಯಾಪ್

(ಮಹಿಳಾ ವೇದಿಕೆಯ ಆನ್‌ಲೈನ್ ಮಾತುಕತೆಯಲ್ಲಿ ಆಡಿದ ಮಾತಿನ ಬರಹರೂಪ)

ವೇದಿಕೆಯ ಅಧ್ಯಕ್ಷರು ಫೋನ್ ಮಾಡಿ, "ನೀನು ಕೊರಿಯನ್ ಸೀರಿಯಲ್ ನೋಡ್ತೀಯಲ್ಲ, ಅದರ ಬಗ್ಗೆಯೇ ಹದಿನೈದು ನಿಮಿಷ ಮಾತಾಡು" ಅಂದರು. ಎಂಟೆಕ್ ಮಾಡಿದವಳು ಕ್ಲೌಡ್ ಬಗ್ಗೆಯೋ ಎಐ ಬಗ್ಗೆಯೋ ಮಾತಾಡಬಹುದು ಎಂದು ಯಾರಾದರೂ ಕಾಯುತ್ತಿದ್ದರೆ ಕ್ಷಮಿಸಿ, ಅದು ಆಫೀಸಿನಲ್ಲೇ ಸಾಕಷ್ಟಾಗುತ್ತದೆ. ಇವತ್ತು ಒಬ್ಬನೇ ಒಬ್ಬ ನಟನ ಬಗ್ಗೆ ಹೇಳುತ್ತೇನೆ. ಹೆಸರು ಕಿಮ್ ವೂ-ಬಿನ್. 'ಅವನು' ಎಂದೇ ಕರೆಯುತ್ತೇನೆ. ಇಷ್ಟು ವರ್ಷ ನೋಡಿ ನೋಡಿ ಸಲಿಗೆ ಬಂದುಬಿಟ್ಟಿದೆ.

ಹುಟ್ಟಿದ್ದು 1989ರ ಜುಲೈನಲ್ಲಿ, ಸೋಲ್ ನಗರದಲ್ಲಿ. ನಿಜವಾದ ಹೆಸರು ಕಿಮ್ ಹ್ಯುನ್-ಜೂಂಗ್. ಅದೇ ಹೆಸರಿನ ಒಬ್ಬ ಪಾಪ್ ಗಾಯಕ ಆಗಲೇ ಬಹಳ ಪ್ರಸಿದ್ಧನಾಗಿದ್ದ, ಹಾಗಾಗಿ ಇವನು ಹೆಸರು ಬದಲಿಸಿಕೊಳ್ಳಬೇಕಾಯಿತು. ಸುಮಾರು ಆರು ಅಡಿ ಎರಡು ಇಂಚು ಎತ್ತರ. ಓದಿದ್ದು ಜಿಯೋಂಜು ವಿಶ್ವವಿದ್ಯಾಲಯದಲ್ಲಿ, ವಿಷಯ ಮಾಡೆಲಿಂಗ್. ಹೌದು, ಅಲ್ಲಿ ಅದಕ್ಕೊಂದು ಪದವಿ ವಿಭಾಗವೇ ಇದೆ. ನಮ್ಮ ಮನೆಯಲ್ಲಿ ಹೀಗೆ ಹೇಳಿದ್ದರೆ ಅಪ್ಪ ಎರಡು ದಿನ ಮಾತು ಬಿಡುತ್ತಿದ್ದರು.

ರ‍್ಯಾಂಪ್ ಮೇಲೆ ನಡೆಯುವವನು ಕ್ಯಾಮೆರಾ ಮುಂದೆ ಮಾತಾಡುವುದಕ್ಕೆ ಬಂದದ್ದು 2011ರಲ್ಲಿ, 'ವೈಟ್ ಕ್ರಿಸ್‌ಮಸ್' ಎಂಬ ಕಿರು ಧಾರಾವಾಹಿಯಿಂದ. ಆಗ ಕೊರಿಯಾದಲ್ಲಿ ಮಾಡೆಲ್‌ಗಳು ನಟನೆಗೆ ಬರುವುದು ಒಂದು ಅಲೆಯ ಹಾಗಿತ್ತು. ಹೀಗೆ ಬಂದವರ ಮೇಲೆ ಎಲ್ಲ ಕಡೆಯಂತೆ ಅಲ್ಲೂ ಒಂದೇ ದೂರು: ನಿಲ್ಲಲು ಬರುತ್ತದೆ, ಅಳಲು ಬರುವುದಿಲ್ಲ. ಆಮೇಲೆ ಮಾಡಿದ 'ವ್ಯಾಂಪೈರ್ ಐಡಲ್' ಎಂಬ ಹಾಸ್ಯ ಧಾರಾವಾಹಿ ಜನಕ್ಕೆ ಹಿಡಿಸದೆ ಬೇಗ ಮುಗಿದುಹೋಯಿತು. 2012ರ ಡಿಸೆಂಬರ್‌ನಲ್ಲಿ ಶುರುವಾದ 'ಸ್ಕೂಲ್ 2013' ಅವನನ್ನು ಎತ್ತಿತು. ಕಾಲಿಗೆ ಪೆಟ್ಟಾಗಿ ಫುಟ್‌ಬಾಲ್ ಕಳೆದುಕೊಂಡ ಹುಡುಗನ ಪಾತ್ರ. ಎದುರಿಗೆ ಲೀ ಜಾಂಗ್-ಸುಕ್, ಅವನೂ ಮಾಡೆಲ್ ಆಗಿದ್ದವನೇ, ನಿಜಜೀವನದಲ್ಲೂ ಗೆಳೆಯ. ಇಬ್ಬರ ಜಗಳ, ರಾಜಿ ಇವೇ ಆ ಧಾರಾವಾಹಿಯ ಜೀವ. 2013ರ 'ದಿ ಏರ್ಸ್'ನಲ್ಲಿ ಹೋಟೆಲ್ ಮಾಲೀಕನ ಸೊಕ್ಕಿನ ಮಗನಾದ. ನಾಯಕ ಅವನಲ್ಲ, ಲೀ ಮಿನ್-ಹೋ. ಆದರೆ ನನ್ನನ್ನು ಕೇಳಿದರೆ ಅದರಲ್ಲಿ ಇವತ್ತಿಗೂ ನೆನಪಿರುವುದು ಅವನ ಆ ಹುಬ್ಬು ಮಾತ್ರ.

ಮುಂದಿನ ಮೂರು ವರ್ಷ ಸಿನಿಮಾದ ಮೇಲೆ ಸಿನಿಮಾ. 2016ರಲ್ಲಿ ಮೊದಲ ದೊಡ್ಡ ಇಳಿತ ಕಂಡಿತು. ಸುಜಿಯ ಜೊತೆ 'ಅನ್‌ಕಂಟ್ರೋಲಬ್ಲಿ ಫಾಂಡ್'. ಇಡೀ ಧಾರಾವಾಹಿಯನ್ನು ಮೊದಲೇ ಚಿತ್ರೀಕರಿಸಿ, ಭಾರಿ ನಿರೀಕ್ಷೆಯಿಂದ ಪ್ರಸಾರ ಮಾಡಿದರು. ಎರಡೇ ವಾರದಲ್ಲಿ ಅದೇ ದಿನ, ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ 'ಡಬ್ಲ್ಯೂ' ಶುರುವಾಯಿತು. ಪ್ರೇಕ್ಷಕರು ಅತ್ತ ವಾಲಿದರು. 'ಡಬ್ಲ್ಯೂ'ವಿನ ನಾಯಕ ಯಾರು ಗೊತ್ತೇ? ಗೆಳೆಯ ಜಾಂಗ್-ಸುಕ್! ಆ ವರ್ಷ ಆ ಚಾನೆಲ್‌ನ ಅತಿ ದೊಡ್ಡ ಪ್ರಶಸ್ತಿಯೂ ಅವನಿಗೇ ಹೋಯಿತು. ಸ್ನೇಹ ಮಾತ್ರ ಕೆಡಲಿಲ್ಲ.

'ಅನ್‌ಕಂಟ್ರೋಲಬ್ಲಿ ಫಾಂಡ್'ನಲ್ಲಿ ವೂ-ಬಿನ್‌ದು ಗುಣವಾಗದ ಕಾಯಿಲೆ ಬಂದ ಒಬ್ಬ ಸ್ಟಾರ್‌ನ ಪಾತ್ರ. ಅದು ಮುಗಿದು ಒಂದು ವರ್ಷವೂ ಆಗಿರಲಿಲ್ಲ. 2017ರ ಮೇ ತಿಂಗಳಲ್ಲಿ ಅವನಿಗೆ ನೇಸೋಫ್ಯಾರಿಂಜಿಯಲ್ ಕ್ಯಾನ್ಸರ್ ಎಂಬ ಸುದ್ದಿ ಹೊರಬಂತು. ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಬರುವ ಕ್ಯಾನ್ಸರ್ ಅದು. ಶಸ್ತ್ರಚಿಕಿತ್ಸೆಗೆ ಸುಲಭದಲ್ಲಿ ಸಿಗದ ಜಾಗ, ಹಾಗಾಗಿ ಮುಖ್ಯವಾಗಿ ರೇಡಿಯೇಷನ್ ಮತ್ತು ಔಷಧ. ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ, ತೂಕ ಇಳಿಯುತ್ತದೆ. ಮುಖ, ದನಿ, ಮೈಕಟ್ಟು ಇವೇ ಬಂಡವಾಳವಾದವನಿಗೆ ಈ ಮೂರರ ಮೇಲೂ ಒಟ್ಟಿಗೆ ಏಟು. ವಯಸ್ಸು 27.

ಇಲ್ಲಿಂದ ಮುಂದಿನ ಕಥೆಗಾಗಿಯೇ ನಾನು ಈ ವಿಷಯ ಆರಿಸಿಕೊಂಡದ್ದು.

ಆ ಹೊತ್ತಿಗೆ ಅವನು ನಿರ್ದೇಶಕ ಚೋಯ್ ಡಾಂಗ್-ಹೂನ್ ಅವರ ಹೊಸ ಸಿನಿಮಾಕ್ಕೆ ಸಹಿ ಹಾಕಿದ್ದ. ಚೋಯ್ ಎಂದರೆ 'ದಿ ಥೀವ್ಸ್', 'ಅಸಾಸಿನೇಷನ್' ಮಾಡಿದವರು, ಎರಡಕ್ಕೂ ಕೋಟಿ ದಾಟಿ ಟಿಕೆಟ್ ಮಾರಾಟವಾಗಿತ್ತು. ಅಂಥವರಿಗೆ ಬೇರೆ ನಟ ಸಿಗುವುದಿಲ್ಲವೇ? ಒಂದು ಫೋನ್ ಸಾಕಿತ್ತು. ಅವರು ಬದಲಿ ನಟನನ್ನು ಹಾಕಲಿಲ್ಲ, ಆ ಸಿನಿಮಾವನ್ನೇ ಮುಂದಕ್ಕೆ ಹಾಕಿದರು. ನಿರ್ಮಾಣದಲ್ಲಿ ಎಷ್ಟು ಜನರ ಡೇಟ್, ಎಷ್ಟು ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ ಎಂದು ಯೋಚಿಸಿ. ನಮ್ಮಲ್ಲಿ ಒಂದು ರಿಲೀಸ್ ಒಂದು ವಾರ ತಡವಾದರೆ ಆರು ಮೀಟಿಂಗ್ ಆಗುತ್ತದೆ.

ಎರಡೂವರೆ ವರ್ಷ ಅವನು ಪರದೆಯಲ್ಲಿ ಕಾಣಲಿಲ್ಲ. 2019ರ ನವೆಂಬರ್ 21ರಂದು ಬ್ಲೂ ಡ್ರ್ಯಾಗನ್ ಪ್ರಶಸ್ತಿ ಸಮಾರಂಭದಲ್ಲಿ ಪ್ರಶಸ್ತಿ ಕೊಡುವವನಾಗಿ ವೇದಿಕೆಗೆ ಬಂದ. ಆ ವಿಡಿಯೋ ನೋಡಿ. ಸ್ವಲ್ಪ ತೆಳ್ಳಗಾಗಿದ್ದಾನೆ, ಬಗ್ಗಿ ನಮಸ್ಕರಿಸುತ್ತಾನೆ, ಕೆಳಗೆ ಕುಳಿತ ನಟನಟಿಯರ ಚಪ್ಪಾಳೆ ನಿಲ್ಲುವುದೇ ಇಲ್ಲ. ಆದರೆ ಮರುದಿನವೇ ನಾಯಕನಾಗಿ ಮರಳಲಿಲ್ಲ. ಮೊದಲು ಮಾಡಿದ್ದು 2020ರ ಜನವರಿಯ 'ಹ್ಯುಮ್ಯಾನಿಮಲ್' ಎಂಬ ಸಾಕ್ಷ್ಯಚಿತ್ರ ಸರಣಿಗೆ ಹಿನ್ನೆಲೆ ಧ್ವನಿ. ಆಮೇಲೆ ಅದೇ ವರ್ಷ, ಅದೇ ಚೋಯ್ ಡಾಂಗ್-ಹೂನ್ ಅವರ 'ಏಲಿಯನಾಯ್ಡ್'. ಎರಡು ಭಾಗಗಳನ್ನು ಒಟ್ಟಿಗೆ, 387 ದಿನ ಚಿತ್ರೀಕರಿಸಿದರು. ಕಾದವರೇ ಕರೆದರು ನೋಡಿ.

ಈಗ ಒಂದು ಭಾಷೆಯ ವಿಷಯ. ಕೊರಿಯನ್ ಮನರಂಜನಾ ಲೋಕದಲ್ಲಿ ನಟನೊಬ್ಬ ಕಾಣದೆ ಇರುವ ಕಾಲಕ್ಕೆ 'ಗೊಂಗ್‌ಬೆಕ್‌ಗಿ' ಎನ್ನುತ್ತಾರೆ, ಖಾಲಿ ಇರುವ ಅವಧಿ ಎಂದರ್ಥ. ಪದದಲ್ಲಿ ನಿಂದೆಯಿಲ್ಲ. ಅಭಿಮಾನಿಗಳು ಆ ಖಾಲಿಯನ್ನು ದಿನ ಎಣಿಸುತ್ತ ಕಾಯುತ್ತಾರೆ. ಗಂಡಸರಿಗಂತೂ ಅಲ್ಲಿ ಸೇನಾ ಸೇವೆ ಕಡ್ಡಾಯ, ಒಂದೂವರೆ ವರ್ಷದಿಂದ ಎರಡು ವರ್ಷದವರೆಗೆ. ಹೆಚ್ಚಿನ ನಟರು ಹೋಗಿ ಬರುವುದರಿಂದ ಉದ್ಯಮಕ್ಕೆ ಕಾಯುವುದು ಅಭ್ಯಾಸವಾಗಿದೆ. ಜಾಂಗ್-ಸುಕ್ 2019ರಲ್ಲಿ ಹೋದ, 2021ರ ಜನವರಿಯಲ್ಲಿ ಮುಗಿಸಿ ಬಂದ, 2022ರಲ್ಲಿ 'ಬಿಗ್ ಮೌತ್' ಮಾಡಿ ಅದೇ ದೊಡ್ಡ ಪ್ರಶಸ್ತಿಯನ್ನು ಮತ್ತೆ ಗೆದ್ದ. ಗ್ಯಾಪ್ ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ.

ಅದೇ ಭಾಷೆಯಲ್ಲಿ ಇನ್ನೊಂದು ಪದವಿದೆ: 'ಗ್ಯೊಂಗ್‌ದನ್‌ನ್ಯೊ'. ಕೆಲಸದ ದಾರಿ ತುಂಡಾದ ಹೆಂಗಸು. ಮದುವೆ, ಬಾಣಂತನ, ಮಕ್ಕಳು, ಮನೆಯ ಹಿರಿಯರು ಎಂದು ಕೆಲಸ ಬಿಟ್ಟು, ಮತ್ತೆ ಒಳಗೆ ಹೋಗಲಾಗದವರಿಗೆ ಹೇಳುವ ಮಾತು. ಇಂಥವರು ಎಷ್ಟು ಜನವೆಂದರೆ 2008ರಲ್ಲಿ ಅವರಿಗಾಗಿಯೇ ಕಾನೂನು ಮಾಡಿದರು, 2009ರಿಂದ 'ಸೆಇಲ್' ಅಂದರೆ 'ಹೊಸ ಕೆಲಸ' ಎಂಬ ಹೆಸರಿನ ಕೇಂದ್ರಗಳನ್ನು ತೆರೆದರು. ವಯಸ್ಸಿಗೆ ತಕ್ಕಂತೆ ಎಷ್ಟು ಹೆಂಗಸರು ಕೆಲಸದಲ್ಲಿದ್ದಾರೆ ಎಂದು ಗ್ರಾಫ್ ಹಾಕಿದರೆ ಅಲ್ಲಿ ಅದು ಇಂಗ್ಲಿಷಿನ ಎಂ ಅಕ್ಷರದ ಹಾಗೆ ಬರುತ್ತಿತ್ತು. ಇಪ್ಪತ್ತರ ಹರೆಯದಲ್ಲಿ ಏರಿ, ಮೂವತ್ತರಲ್ಲಿ ಕುಸಿದು, ನಲವತ್ತರ ಮೇಲೆ ಮತ್ತೆ ಸ್ವಲ್ಪ ಏರುತ್ತದೆ. ಆ ಎಂ ಅಕ್ಷರದ ಹಳ್ಳದಲ್ಲಿರುವ ವಯಸ್ಸು ನನ್ನದು, ಈ ಕರೆಯಲ್ಲಿರುವ ಅನೇಕರದ್ದು.

ನಾನು ಕೂಡ 14 ತಿಂಗಳು ಕೆಲಸ ಬಿಟ್ಟಿದ್ದೆ. ಅಮ್ಮನ ಚಿಕಿತ್ಸೆಗಾಗಿ ಊರಲ್ಲಿದ್ದೆ. ತಿರುಗಿ ಅರ್ಜಿ ಹಾಕಲು ಶುರು ಮಾಡಿದಾಗ ಒಂದು ಕಂಪನಿಯಲ್ಲಿ ತಾಂತ್ರಿಕ ಸುತ್ತು ಎರಡೂ ಚೆನ್ನಾಗಿ ಆದವು. ಎಚ್‌ಆರ್ ಸುತ್ತಿನಲ್ಲಿ, "ಈ ಗ್ಯಾಪ್‌ನಲ್ಲಿ ಏನಾದರೂ ಪ್ರೊಡಕ್ಟಿವ್ ಆಗಿ ಮಾಡಿದ್ರಾ?" ಎಂದು ಕೇಳಿದರು. ಆಸ್ಪತ್ರೆ, ಇನ್ಶೂರೆನ್ಸ್, ಮಾತ್ರೆಯ ಪಟ್ಟಿ, ರಾತ್ರಿ ಎರಡು ಗಂಟೆಗೆ ಜ್ವರ ನೋಡುವುದು... ಯಾವುದು ಪ್ರೊಡಕ್ಟಿವ್ ಎಂದು ನಾನು ಹೇಳಲಿ? ಕೊನೆಗೆ ಎರಡು ಹಂತ ಕೆಳಗಿನ ಹುದ್ದೆ ಕೊಡುತ್ತೇವೆ ಅಂದರು. ನಾನು ಹೋಗಲಿಲ್ಲ. ಈಗಿನ ಕೆಲಸ ಸಿಕ್ಕಿದ್ದು ಹಿಂದೆ ನನ್ನ ಜೊತೆ ಕೋಡ್ ಬರೆದಿದ್ದ ಒಬ್ಬ ಲೀಡ್ ಫೋನ್ ಮಾಡಿದ್ದರಿಂದ. ಅವರಿಗೆ ನನ್ನ ಕೆಲಸ ಗೊತ್ತಿತ್ತು, ರೆಸ್ಯೂಮೆ ಕೇಳಿದ್ದು ಆಮೇಲೆ.

ಸ್ಟಾರ್‌ಗೂ ನಮಗೂ ಎಲ್ಲಿಯ ಹೋಲಿಕೆ ಅನ್ನಬಹುದು. ಒಪ್ಪುತ್ತೇನೆ, ಅವನ ಬಳಿ ದುಡ್ಡಿತ್ತು, ಹೆಸರಿತ್ತು. ಆ ಕಾಲವನ್ನು ಮೇಲಿನಿಂದ ಸಿಕ್ಕ ರಜೆ ಎಂದುಕೊಂಡೆ ಎಂಬರ್ಥದಲ್ಲಿ ಅವನು ಒಂದು ಟಿವಿ ಸಂದರ್ಶನದಲ್ಲಿ ಹೇಳಿದ್ದಾನೆ. ಹಾಗೆ ಹೇಳಲು ಮರಳಿ ಬಂದ ಮೇಲಷ್ಟೇ ಆಗುತ್ತದೆ. ಆದರೂ ನನಗೆ ಆಸಕ್ತಿಯಿರುವುದು ಅವನ ಧೈರ್ಯಕ್ಕಿಂತ ಅವನ ಸುತ್ತಲಿನವರು ಮಾಡಿಕೊಟ್ಟ ಸಣ್ಣಸಣ್ಣ ಅನುಕೂಲಗಳಲ್ಲಿ. 2023ರ ನೆಟ್‌ಫ್ಲಿಕ್ಸ್ ಸರಣಿ 'ಬ್ಲ್ಯಾಕ್ ನೈಟ್' ನೋಡಿ. 2071ನೇ ಇಸವಿ, ಹೊರಗಿನ ಗಾಳಿ ಉಸಿರಾಡಲು ಆಗದ ಕೊರಿಯಾ, ಅದರಲ್ಲಿ ಇವನು ಡೆಲಿವರಿ ಲಾರಿ ಓಡಿಸುವವನು. ಪಾತ್ರ ಸಿಗರೇಟು ಸೇದುತ್ತದೆ. ನಿರ್ದೇಶಕ ಚೋ ಉಯ್-ಸೋಕ್ ಆ ಹೊಗೆಯನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಸಿದರು. ಕಾಯಿಲೆಗೆ ಮುಂಚೆ ಅವನು ಮಾಡಿದ ಕೊನೆಯ ಸಿನಿಮಾ 'ಮಾಸ್ಟರ್' ಕೂಡ ಇವರದ್ದೇ. ಪ್ರೇಕ್ಷಕರಿಗೆ ಗೊತ್ತೂ ಆಗುವುದಿಲ್ಲ. ಮರಳಿ ಬಂದವನಿಗೆ ಕೆಲಸದ ಜಾಗ ಹೀಗೂ ಹೊಂದಿಕೊಳ್ಳಬಹುದು ಎಂದು ನಮ್ಮ ಎಚ್‌ಆರ್‌ನವರಿಗೆ ಯಾರಾದರೂ ಆ ಸರಣಿಯ ಲಿಂಕ್ ಕಳಿಸಿ.

ಮರಳಿದ ಮೇಲೆ ಎಲ್ಲವೂ ಗೆಲುವೇ ಆಯಿತೇ? ಇಲ್ಲ. 387 ದಿನ ದುಡಿದ 'ಏಲಿಯನಾಯ್ಡ್' 2022ರ ಜುಲೈನಲ್ಲಿ ಬಿಡುಗಡೆಯಾಗಿ ಸೋತಿತು. ಬಂದ ಪ್ರೇಕ್ಷಕರು ಸುಮಾರು 15 ಲಕ್ಷ, ಹಾಕಿದ ದುಡ್ಡು ಬರಲು ಅದರ ಹಲವು ಪಟ್ಟು ಬೇಕಿತ್ತು. 2024ರ ಜನವರಿಯಲ್ಲಿ ಬಂದ ಎರಡನೇ ಭಾಗವೂ ಸೋತಿತು. ಆದರೆ ಅಷ್ಟಕ್ಕೆ ಅವನಿಗೆ ಕೆಲಸ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ 'ಆಫೀಸರ್ ಬ್ಲ್ಯಾಕ್ ಬೆಲ್ಟ್' ಬಂತು, ಟೆಕ್ವಾಂಡೋ, ಜೂಡೋ, ಕೆಂಡೋ ಮೂರೂ ಬಲ್ಲ ಹುಡುಗನಾಗಿ ಹೊಡೆದಾಡಿದ. 2025ರಲ್ಲಿ 'ಜೀನಿ, ಮೇಕ್ ಎ ವಿಶ್', ಮತ್ತೆ ಸುಜಿಯ ಜೊತೆ. ಅದು ನನಗೆ ಅಷ್ಟು ಹಿಡಿಸಲಿಲ್ಲ, ಕೆಲವರಿಗೆ ತುಂಬ ಇಷ್ಟವಾಗಿದೆ. ಚಾಟ್‌ನಲ್ಲಿ ಜಗಳಕ್ಕೆ ಬರಬೇಡಿ.

ಶಿನ್ ಮಿನ್-ಆ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಅವಳೂ 1998ರಲ್ಲಿ ಹದಿಹರೆಯದವರ ಪತ್ರಿಕೆಯೊಂದರ ಮಾಡೆಲ್ ಆಗಿ ಬಂದವಳು. 2015ರಿಂದ ಇಬ್ಬರೂ ಜೊತೆಗಿದ್ದರು, 2025ರ ಡಿಸೆಂಬರ್‌ನಲ್ಲಿ ಮದುವೆಯಾಯಿತು. ಪತ್ರಿಕೆಗಳು ಅವಳ ತಾಳ್ಮೆಯನ್ನು ಹೊಗಳಿದ್ದೇ ಹೊಗಳಿದ್ದು. ನಾನು ಗಮನಿಸಿದ್ದು ಬೇರೆ: ಅವನು ಕಾಣದಿದ್ದ ಆ ವರ್ಷಗಳಲ್ಲಿ ಅವಳ ಕೆಲಸ ನಿಲ್ಲಲಿಲ್ಲ. 2019ರಲ್ಲಿ 'ಚೀಫ್ ಆಫ್ ಸ್ಟಾಫ್', 2020ರಲ್ಲಿ 'ದೀವಾ', 2021ರಲ್ಲಿ ನಮ್ಮಲ್ಲಿ ಅರ್ಧ ಜನ ಎರಡೆರಡು ಸಲ ನೋಡಿದ 'ಹೋಮ್‌ಟೌನ್ ಚಾ-ಚಾ-ಚಾ'.

ಇನ್ನೂ ಅವನನ್ನು ನೋಡದವರಿದ್ದರೆ 'ಅವರ್ ಬ್ಲೂಸ್'ನಿಂದ ಶುರು ಮಾಡಿ. 2022ರ ಏಪ್ರಿಲ್‌ನಲ್ಲಿ ಟಿವಿಗೆ ಅವನು ಮರಳಿದ್ದು ಇದರಲ್ಲೇ. ನೋ ಹೀ-ಕ್ಯುಂಗ್ ಬರೆದದ್ದು, ಜೆಜು ದ್ವೀಪದ ಕಥೆ, ಹತ್ತಾರು ದೊಡ್ಡ ನಟರ ನಡುವೆ ಇವನದ್ದು ಒಂದು ಪಾಲು ಮಾತ್ರ. ದೋಣಿಯ ಕ್ಯಾಪ್ಟನ್ ಪಾತ್ರ. ಅವನು ಪ್ರೀತಿಸುವ ಹುಡುಗಿಯ ಅವಳಿ ಅಕ್ಕನಿಗೆ ಡೌನ್ ಸಿಂಡ್ರೋಮ್. ಆ ಪಾತ್ರ ಮಾಡಿದ ಜಂಗ್ ಉನ್-ಹ್ಯೆ ನಿಜಕ್ಕೂ ಡೌನ್ ಸಿಂಡ್ರೋಮ್ ಇರುವ ಚಿತ್ರಕಲಾವಿದೆ. ಅವಳನ್ನು ಮೊದಲ ಸಲ ನೋಡಿ ಕ್ಯಾಪ್ಟನ್ ತಬ್ಬಿಬ್ಬಾಗುತ್ತಾನೆ. ಆಮೇಲೆ, ಇಂಥವರ ಜೊತೆ ಹೇಗಿರಬೇಕೆಂದು ನನಗೆ ಶಾಲೆಯಲ್ಲೂ ಮನೆಯಲ್ಲೂ ಯಾರೂ ಕಲಿಸಲಿಲ್ಲ ಎಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಹುಬ್ಬು ಹಾರಿಸುವುದಿಲ್ಲ, ದನಿ ಏರಿಸುವುದಿಲ್ಲ. ಅಳಲು ಬರುವುದಿಲ್ಲ ಎಂಬ ಆ ಹಳೆಯ ದೂರು ಆ ದೃಶ್ಯದಲ್ಲಿ ನನಗೆ ನೆನಪಾಗಲೇ ಇಲ್ಲ.

ಒಟ್ಟು 20 ಕಂತುಗಳಿವೆ. ಮೊದಲ ಮೂರು ಬೇರೆಯವರ ಕಥೆ, ಅವನು ಅಲ್ಲಲ್ಲಿ ಹಾದುಹೋಗುತ್ತಾನೆ ಅಷ್ಟೆ. ಅಲ್ಲಿಗೇ ಬಿಡಬೇಡಿ.