ಫೋನಿನ ಪಕ್ಕದಲ್ಲಿ ಗೀಚಿದ ದೋಣಿ

ಫೋನಿನಲ್ಲಿ ಮಾತನಾಡುತ್ತ ಕೈಗೆ ಸಿಕ್ಕ ಕಾಗದದ ಮೇಲೆ ಏನಾದರೂ ಗೀಚುವ ಅಭ್ಯಾಸ ನಿಮಗೂ ಇರಬಹುದು. 1969ರಲ್ಲಿ ಕೆನಡಾದ ಬ್ರೂಸ್ ಕರ್ಬಿ ಹಾಗೆ ಗೀಚಿದ ಚಿತ್ರದಿಂದ ಎರಡು ಲಕ್ಷಕ್ಕೂ ಹೆಚ್ಚು ಹಾಯಿದೋಣಿಗಳು ತಯಾರಾದವು. ಫೋನಿನ ಆ ತುದಿಯಲ್ಲಿದ್ದವರು ಮಾಂಟ್ರಿಯಲ್‌ನ ಇಯಾನ್ ಬ್ರೂಸ್. ಕಾರಿನ ಮೇಲೆ ಹೊತ್ತೊಯ್ಯಬಹುದಾದ ಪುಟ್ಟ ದೋಣಿಯೊಂದು ಅವರಿಗೆ ಬೇಕಾಗಿತ್ತು. ಕೊಳ್ಳಬೇಕಿದ್ದ ಸಂಸ್ಥೆ ಮನಸ್ಸು ಬದಲಿಸಿತು. ಚಿತ್ರ ಮೇಜಿನ ಖಾನೆ ಸೇರಿತು. 1970ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಗ್ಗದ ದೋಣಿಗಳ ಸ್ಪರ್ಧೆ ನಡೆದಾಗ ಅದು ಮತ್ತೆ ಹೊರಬಂತು. ಹಾಯಿಯನ್ನು ಹಾನ್ಸ್ ಫೋಗ್ ಹೊಲಿದರು. ಆಮೇಲೆ ಹಾಯಿಕಂಬದ ಸ್ಥಾನವನ್ನು ಹಿಂದೆ ಮುಂದೆ ಸರಿಸಿ ಪರೀಕ್ಷಿಸಿದರು. ‘ಲೇಸರ್’ ಎಂಬ ಹೆಸರು ಸೂಚಿಸಿದವನು ಒಬ್ಬ ವಿಜ್ಞಾನ ವಿದ್ಯಾರ್ಥಿ! 1971ರಲ್ಲಿ ದೋಣಿ ನ್ಯೂಯಾರ್ಕ್ ಪ್ರದರ್ಶನಕ್ಕೆ ಬಂತು.

ಇದರ ಉದ್ದ 4.23 ಮೀಟರ್, ಒಡಲಿನ ತೂಕ ಸುಮಾರು 59 ಕಿಲೋಗ್ರಾಂ. ಅಂದರೆ ನಡೆಸುವವನೇ ದೋಣಿಗಿಂತ ಭಾರ! ಗಾಳಿ ಹಾಯಿಯನ್ನು ಒಂದು ಪಕ್ಕಕ್ಕೆ ತಳ್ಳಿದಾಗ ಆತ ಎದುರು ಪಕ್ಕದಿಂದ ಹೊರಗೆ ಬಾಗಿ ತನ್ನ ಮೈಭಾರದಿಂದಲೇ ಸಮತೋಲ ಕಾಯಬೇಕು. ನೀವು ಓದಿರುವ ಸನ್ನೆಯ ತತ್ವವೇ ಇದು.

ಈಗ ಕಾರ್ಖಾನೆಗೆ ಬನ್ನಿ. ಮರದ ದೋಣಿಗೆ ಮೊದಲು ಅಸ್ಥಿಪಂಜರ, ಕೊನೆಗೆ ಬಣ್ಣ. ಫೈಬರ್‌ಗ್ಲಾಸ್ ದೋಣಿಗೆ ಬಣ್ಣವೇ ಮೊದಲು. ಕನ್ನಡಿಯಂತೆ ನುಣುಪಾದ ಅಚ್ಚಿನ ಒಳಮೈಗೆ ಮೇಣ ಉಜ್ಜಿ, ಜೆಲ್‌ಕೋಟ್ ಎಂಬ ಬಣ್ಣದ ರಾಳವನ್ನು ಸುಮಾರು ಅರ್ಧ ಮಿಲಿಮೀಟರ್ ದಪ್ಪಕ್ಕೆ ಸಿಂಪಡಿಸುತ್ತಾರೆ. ಅದರ ಮೇಲೆ ಗಾಜಿನ ನಾರಿನ ಹಾಸು, ಪಾಲಿಯೆಸ್ಟರ್ ರಾಳ, ಮತ್ತೆ ಹಾಸು, ಮತ್ತೆ ರಾಳ. ರಾಳಕ್ಕೆ ಗಟ್ಟಿಕಾರಕ ಬೆರೆತ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಕೆಲಸಗಾರರು ರೋಲರ್ ಉರುಳಿಸಿ ಗುಳ್ಳೆಗಳನ್ನೆಲ್ಲ ಹೊರದೂಡಬೇಕು. ಒಳಗುಳಿದ ಗುಳ್ಳೆ ಮುಂದೆ ಬಿರುಕಿಗೆ ದಾರಿ. ರಾಸಾಯನಿಕ ಕ್ರಿಯೆಯ ಶಾಖ ಅಂಗೈಗೆ ತಾಗುತ್ತದೆ. ಸ್ಟೈರೀನ್‌ನ ಘಾಟು ಮೂಗಿಗೆ ಅಡರುತ್ತದೆ. ಈ ಘಾಟನ್ನು ನಮ್ಮ ಕ್ಯಾಮೆರಾ ತೋರಿಸಲಾರದು, ಆದರೆ ಮುಖಗವಸು ಇಲ್ಲದೆ ಅಲ್ಲಿ ಕೆಲಸ ಮಾಡುವುದು ತರವಲ್ಲ. ನಮ್ಮ ಕರಾವಳಿಯ ಮೀನುಗಾರರ ಫೈಬರ್ ದೋಣಿಗಳೂ ಇಂಥ ಅಚ್ಚುಗಳಿಂದಲೇ ಬರುತ್ತವೆ. ಕೊನೆಗೆ ಒಡಲಿಗೆ ಮೇಲ್ತಟ್ಟನ್ನು ಅಂಟಿಸುತ್ತಾರೆ.

ಒಂದೇ ಅಚ್ಚಿನ ದೋಣಿಗಳೆಲ್ಲ ಒಂದೇ ತರಹ ಎನ್ನುವಿರಾ? ಇಲ್ಲ. ಒಂದು ಕಡೆ ರಾಳ ಹೆಚ್ಚಾದರೆ ತೂಕ ಹೆಚ್ಚು; ಹಾಸು ಕಡಿಮೆಯಾದರೆ ಒಡಲು ಬಾಗುತ್ತದೆ. ಹಾಗಾದರೆ ಗೆದ್ದದ್ದು ಮನುಷ್ಯನೋ, ದೋಣಿಯೋ? ಆದ್ದರಿಂದ ಯಾವ ದೇಶದಲ್ಲಿ ಕಟ್ಟಿದರೂ ತಯಾರಿಕೆಯ ಕೈಪಿಡಿಯನ್ನು ಅಕ್ಷರಶಃ ಪಾಲಿಸಬೇಕೆಂಬ ನಿಯಮ. ಒಡಲಿನ ಆಕಾರವನ್ನು ಕೊಂಡವನು ತಿದ್ದುವಂತಿಲ್ಲ. ಈ ದೋಣಿ 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರವೇಶಿಸಿತು. ಅಲ್ಲಿ ಸ್ಪರ್ಧಿಗಳಿಗೆ ದೋಣಿ ಕೊಡುವವರು ಆಯೋಜಕರೇ. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ನಮ್ಮ ವಿಷ್ಣು ಸರವಣನ್ ಇದನ್ನೂ, ನೇತ್ರಾ ಕುಮನನ್ ಇದೇ ಒಡಲಿಗೆ ಚಿಕ್ಕ ಹಾಯಿ ಕಟ್ಟಿದ ರೇಡಿಯಲ್ ಅನ್ನೂ ನಡೆಸಿದರು. ಹಕ್ಕುಗಳ ವ್ಯಾಜ್ಯದ ಬಳಿಕ ಸ್ಪರ್ಧೆಗಳಲ್ಲಿ ಇದರ ಹೆಸರು ಈಗ ಐಎಲ್‌ಸಿಎ.

ಒಂದು ತೊಡಕು ಉಳಿದಿದೆ. ಗಟ್ಟಿಯಾದ ಈ ರಾಳ ಮತ್ತೆ ಕರಗುವುದಿಲ್ಲ. ಹಳೆಯ ಕಬ್ಬಿಣವನ್ನು ಗುಜರಿಯವನು ಒಯ್ಯುತ್ತಾನೆ. ಸವೆದ ಫೈಬರ್‌ಗ್ಲಾಸ್ ಒಡಲನ್ನು ಕೇಳುವವರಿಲ್ಲ. ಅದು ದಡದಲ್ಲಿ ಹುಲ್ಲಿನ ನಡುವೆ ಬೋರಲಾಗಿ ಬಿದ್ದಿರುತ್ತದೆ.